ಶಾಲೆಯ ಶಿಕ್ಷೆಯೂ ಮಕ್ಕಳ ಕಾಟವೂ

ಮಕ್ಕಳ ಜಗಳಗಳನ್ನು ಬರೆದಿಡುವ ವಾಡಿಕೆಯು ಚರಿತ್ರಕಾರರಲ್ಲಿ ಇಲ್ಲ. ಅರಸರ ಕಾಳಗಗಳಿಗೆ ಶಾಸನಗಳುಂಟು. ಶಾಲೆಯ ಹಿತ್ತಿಲಲ್ಲಿ ಬಲಿಷ್ಠನಾದ ಹುಡುಗನು ದುರ್ಬಲನನ್ನು ಪೀಡಿಸಿದುದಕ್ಕೆ ಇವನ ಮೈಮೇಲಿನ ಬಾಸುಂಡೆಯಲ್ಲದೆ ಬೇರೆ ದಾಖಲೆಯಿಲ್ಲ. ಆದರೂ ಹಳೆಯ ಶಾಲೆಗಳ ಶಿಸ್ತಿನ ಕ್ರಮವನ್ನು ಪರಿಶೀಲಿಸಿದರೆ, ಈ ಪೀಡೆಯ ಬೇರು ಎಲ್ಲಿತ್ತೆಂಬದು ತಕ್ಕಮಟ್ಟಿಗೆ ತಿಳಿಯುವದು.

೧೮೨೨ರಲ್ಲಿ ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ತನ್ನ ಇಲಾಖೆಯ ಜಿಲ್ಲೆಗಳಿಂದ ದೇಶೀಯ ಶಾಲೆಗಳ ಲೆಕ್ಕವನ್ನು ತರಿಸಲು ತೊಡಗಿದನು. ಶಿರಸಿ, ಸಿದ್ಧಾಪುರ, ಯಲ್ಲಾಪುರಗಳ ಸೀಮೆಯು ಆಗ ಕೆನರಾ ಜಿಲ್ಲೆಗೆ ಸೇರಿ ಮದರಾಸಿನ ಅಧೀನದಲ್ಲಿತ್ತು. ಮುಂಬಯಿ ಇಲಾಖೆಗೆ ಅದು ಸೇರಿದ್ದು ೧೮೬೨ರಲ್ಲಿ. ಆದರೆ ಕೆನರಾದ ಕಲೆಕ್ಟರನು ಪಟ್ಟಿಯನ್ನು ಕಳುಹಲಿಲ್ಲ. ಇಲ್ಲಿ ವಿದ್ಯಾಭ್ಯಾಸವು ಬಹುಮಟ್ಟಿಗೆ ಖಾಸಗಿಯಾಗಿ ಸಾಗುತ್ತಿರುವದರಿಂದ ಶಾಲೆಗಳ ಎಣಿಕೆಯು ಸರಿಯಾಗಲಾರದೆಂದು ಆತನು ಉತ್ತರವಿತ್ತನು. ತೋಟದ ಅಂಚಿಗೊಂದು ಮನೆ, ಗುಡ್ಡದಾಚೆಗೊಂದು ಮನೆ ಎಂಬಂತಿರುವ ಘಟ್ಟದ ಸೀಮೆಯನ್ನು ಬಲ್ಲವರಿಗೆ ಇದು ಸೋಜಿಗವಲ್ಲ. ಹೀಗಾಗಿ ಅಂದಿನ ಕನ್ನಡ ಶಾಲೆಯ ಒಳಗನ್ನು ಕಾಣಬೇಕಾದರೆ ಅದೇ ಇಲಾಖೆಗೆ ಸೇರಿದ್ದ ಬಳ್ಳಾರಿಯ ಕಡೆಗೆ ನೋಡಬೇಕಾಗುವದು.

ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ಲನು ೧೮೨೩ರ ಆಗಸ್ಟ್ ತಿಂಗಳಲ್ಲಿ ಸವಿಸ್ತಾರವಾದ ವರದಿಯನ್ನು ಕಳುಹಿದನು. ಆ ಜಿಲ್ಲೆಯಲ್ಲಿ ೫೩೩ ಶಾಲೆಗಳೂ ೬,೬೪೧ ವಿದ್ಯಾರ್ಥಿಗಳೂ ಇದ್ದರು. ಕನ್ನಡ ಶಾಲೆಗಳೇ ೨೩೫. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಲೆಗೊಂದರಂತೆ ಏರುತ್ತಿತ್ತು. ಈ ಲೆಕ್ಕದಂತೆ ಇಪ್ಪತ್ತನೆಯವನಿಗೆ ಹದಿನೆಂಟು ಏಟುಗಳಾದವು. ಸೋಮಾರಿಗಳಿಗೆ ಬೆತ್ತ, ಕೆಲವೊಮ್ಮೆ ಎರಡೂ ಕೈಗಳನ್ನು ಕಟ್ಟಿ ಮಾಡಿಗೆ ತೂಗಹಾಕುವದು, ಇಲ್ಲವೆ ಬಿಡುವಿಲ್ಲದೆ ಬಸ್ಕಿ ಹೊಡೆಯಿಸುವದು. ಕೋದಂಡವೆಂಬ ಶಿಕ್ಷೆಯ ಹೆಸರನ್ನು ಹಿರಿಯರ ಬಾಯಿಂದ ಕೇಳಿದವರಿಗೆ ಇದರ ಅರ್ಥವು ಸುಲಭವಾಗಿ ಆಗುವದು.

ಈ ಕ್ರಮದಲ್ಲಿ ಏಟಿಗಿಂತಲೂ ಯೋಚಿಸತಕ್ಕ ಸಂಗತಿಯೊಂದಿದೆ. ತನಗಿಂತ ತಡವಾಗಿ ಬರುವವನೊಬ್ಬನಿರಲಿ ಎಂಬ ಹಾರೈಕೆಯು ಪ್ರತಿಯೊಬ್ಬ ಹುಡುಗನಲ್ಲಿಯೂ ಹುಟ್ಟುವದು ಸಹಜ. ಹಿಂದುಳಿದವನ ನೋವಿನಿಂದಲೇ ಮುಂದಿನವನ ಮರ್ಯಾದೆಯನ್ನು ಅಳೆಯಲಾಗುತ್ತಿತ್ತು.

ಮುಂದುವರಿದ ವಿದ್ಯಾರ್ಥಿಗಳು ಎಳೆಯರಿಗೆ ಕಲಿಸುವ ಪದ್ಧತಿಯೂ ಈ ಶಾಲೆಗಳಲ್ಲಿತ್ತು. ಕ್ಯಾಂಪ್‌ಬೆಲ್ಲನು ಅದನ್ನು ಮೆಚ್ಚಿ ಬರೆದನು. ಮದರಾಸಿನ ಎಗ್ಮೋರಿನ ಅನಾಥಾಲಯದಲ್ಲಿ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ೧೭೮೯ರಿಂದ ಇಂಥದೇ ಕ್ರಮವನ್ನು ನಡೆಯಿಸಿ, ೧೭೯೭ರಲ್ಲಿ ಅದರ ವಿಷಯವಾಗಿ ಲಂಡನ್ನಿನಲ್ಲಿ ಪುಸ್ತಕವನ್ನು ಪ್ರಕಟಿಸಿದನು. ಅಲ್ಲಿಯ ಜೋಸೆಫ್ ಲ್ಯಾಂಕಾಸ್ಟರನೂ ಇಂಥ ಶಾಲೆಗಳನ್ನು ಹಬ್ಬಿಸಿದನು. ಬೆತ್ತವನ್ನು ಒಲ್ಲದ ಆತನು ತಪ್ಪಿತಸ್ಥ ಹುಡುಗನನ್ನು ಬುಟ್ಟಿಯಲ್ಲಿ ಕೂರಿಸಿ ಮಾಡಿಗೆ ತೂಗಹಾಕಿ, ಉಳಿದವರು ನಗುವಂತೆ ಮಾಡುತ್ತಿದ್ದನು. ಏಟು ತಪ್ಪಿತು, ಅವಮಾನವು ಉಳಿಯಿತು. ಹಿರಿಯನು ಕಿರಿಯನಿಗೆ ಅಕ್ಷರ ಕಲಿಸುವದು ಒಳ್ಳೆಯದೇ. ಆದರೆ ಅಕ್ಷರದೊಡನೆ ಅಧಿಕಾರವೂ ಕೈಗೆ ಬಂದಾಗ, ಅದನ್ನು ಎಲ್ಲಿ ನಿಲ್ಲಿಸಬೇಕೆಂಬದನ್ನು ಹುಡುಗನಿಗೆ ಯಾರು ಕಲಿಸಬೇಕು?

ಕನ್ನಡ ಶಾಲೆಗಳಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಉಳಿದುಬಂದ ರೂಢಿಯೊಂದು ಈ ಪ್ರಶ್ನೆಯನ್ನು ಇನ್ನಷ್ಟು ಸ್ಪಷ್ಟಪಡಿಸುವದು. ಸರಿಯುತ್ತರ ಹೇಳಿದವನು ಹೇಳಲಾರದವರ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕು. ಮೆಲ್ಲನೆ ಹೊಡೆದರೆ ಅವನಿಗೇ ಪೆಟ್ಟು. ಇಲ್ಲಿ ಬೆತ್ತವಿಲ್ಲ, ಗೆಳೆಯನ ಕೈಯೇ ಬೆತ್ತ. ಪೆಟ್ಟು ತಿಂದವನು ಬಲಿಷ್ಠನಾಗಿದ್ದರೆ ಅದರ ಬಡ್ಡಿಯನ್ನು ಸಂಜೆ ದಾರಿಯಲ್ಲಿ ತೀರಿಸುವನು. ಘಟ್ಟದ ಮೇಲಣ ಮಕ್ಕಳ ದಾರಿಯಾದರೋ ಗುಡ್ಡ, ಕಾನು, ಹಳ್ಳದ ಸಂಕಗಳನ್ನು ದಾಟಿ ಹೋಗತಕ್ಕದ್ದು. ಗುರುವಿನ ಕಣ್ಣೂ ತಾಯಿಯ ಕಣ್ಣೂ ಅಲ್ಲಿಗೆ ತಲುಪವು.

ಇಂಥ ಪೀಡೆಯನ್ನು ಹುಡುಗಾಟವೆಂದು ತಳ್ಳಿಬಿಡದೆ ಶಾಸ್ತ್ರೀಯವಾಗಿ ವಿಚಾರಿಸಿದವರಲ್ಲಿ ಡಾನ್ ಓಲ್ವೇಯಸ್ ಮೊದಲಿಗನು. ಸ್ವೀಡನ್ನಿನ ಶಾಲೆಗಳನ್ನು ಕುರಿತ ಆತನ ಗ್ರಂಥವು ೧೯೭೩ರಲ್ಲಿ ಪ್ರಕಟವಾಯಿತು. ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವದು, ಬಲದಲ್ಲಿ ಅಸಮತೆ—ಇವು ಮೂರು ಕೂಡಿದರೆ ಅದು ಜಗಳವಲ್ಲ, ಪೀಡೆ ಎಂಬದು ಆತನ ನಿರ್ಣಯ. ನಮ್ಮಲ್ಲಿ ೧೯೮೩ರ ಕರ್ನಾಟಕ ಶಿಕ್ಷಣ ಕಾಯಿದೆಯು ರ‍್ಯಾಗಿಂಗನ್ನು ಅಪರಾಧವೆಂದು ಎಣಿಸಿತು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೭ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು.

ಹೀಗೆ ಕಾಯಿದೆಯು ಗುರುವಿನ ಕೈಯಿಂದ ಬೆತ್ತವನ್ನು ಕಸಿದುಕೊಂಡಿತು. ಗೆಳೆಯನ ಕೈಯನ್ನು ತಡೆಯುವದು ಕಾಯಿದೆಯೊಂದರಿಂದ ಆಗತಕ್ಕ ಕೆಲಸವಲ್ಲ. ಪೆಟ್ಟು ತಿಂದು ಬಂದ ಮಗನಿಗೆ 'ನೀನೇಕೆ ಸುಮ್ಮನೆ ಬಂದೆ, ತಿರುಗಿ ಹೊಡೆಯಬಾರದಿತ್ತೇ' ಎನ್ನುವ ಮನೆಯೂ, ದೂರು ಹೇಳಿದವನನ್ನು ಚಾಡಿಕೋರನೆನ್ನುವ ಶಾಲೆಯೂ ಆ ಹಳೆಯ ಲೆಕ್ಕವನ್ನೇ ಮುಂದುವರಿಸುತ್ತಿವೆ. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆದ ನಾಡಿದು. ಕಡೆಗೆ ಬಂದವನಿಗೂ ಅಂಗೈಯುಂಟೆಂಬದನ್ನು ಮಕ್ಕಳಿಗೆ ಹಿರಿಯರೇ ನಡೆದು ತೋರಿಸಬೇಕಾಗಿದೆ.