ಮಾಡಿನಿಂದ ಮೇಜಿಗೆ ಇಳಿದ ಕೆತ್ತನೆ

ಕೇರಳದ ಮರಗೆತ್ತನೆ ಎಂದರೆ ಇಂದು ಹಲವರಿಗೆ ನೆನಪಾಗುವುದು ತಿರುವನಂತಪುರದ ಎಂಪೋರಿಯಂಗಳಲ್ಲಿ ಸಾಲಾಗಿ ನಿಂತ ಬೀಟೆ ಮರದ ಆನೆ. ಆದರೆ ಅಲ್ಲಿನ ಬಡಗಿಗಳಾದ ಆಶಾರಿಗಳ ಉಳಿ ಬಹುಕಾಲ ಓಡಾಡಿದ್ದು ಮಾರುವ ಗೊಂಬೆಯ ಮೇಲಲ್ಲ, ಮನೆಯ ಮೈಮೇಲೆ. ಬಿಡದೆ ಸುರಿಯುವ ಮಳೆಗೆ ಕಡಿದಾದ ಮಾಡು. ಒಳಗಿನ ಬಿಸಿಗಾಳಿ ಹೊರಹೋಗಲು ಮಾಡಿನ ತುದಿಯಲ್ಲಿ ಕೆತ್ತನೆಯ ಮುಖಪ್ಪು. ತೇಗ, ಹಲಸಿನ ತೊಲೆಗಳನ್ನು ಮೊಳೆ ಹೊಡೆಯದೆ, ಕಚ್ಚು ಕೊರೆದು ಗೂಟ ಬಡಿದು ಕೂಡಿಸುತ್ತಿದ್ದರು. ಭಾರ ಹೊರುವ ಮರವೇ ಹೂಬಳ್ಳಿಯನ್ನೂ ಹೊರುತ್ತಿತ್ತು.

ಈ ಪದ್ಧತಿಯ ಸೊಗಸು ಕಾಣಬೇಕಾದರೆ ತಿರುವಾಂಕೂರಿನ ಹಳೆಯ ರಾಜಧಾನಿ ಪದ್ಮನಾಭಪುರಕ್ಕೆ ಹೋಗಬೇಕು. ಊರು ಈಗ ತಮಿಳುನಾಡಿನಲ್ಲಿದೆ, ಅರಮನೆಯನ್ನು ನೋಡಿಕೊಳ್ಳುವುದು ಮಾತ್ರ ಕೇರಳ ಸರ್ಕಾರ! ಪ್ರವೇಶ ಮಂಟಪವಾದ ಪೂಮುಖದ ಛಾವಣಿಯಲ್ಲಿ 90 ಹೂಗಳಿವೆ, ಒಂದರಂತೆ ಇನ್ನೊಂದಿಲ್ಲ. 1840ರ ದಶಕದಲ್ಲಿ ಸ್ವಾತಿ ತಿರುನಾಳ್ ತಿರುವನಂತಪುರದಲ್ಲಿ ಕಟ್ಟಿಸಿದ ಕುದಿರಮಾಳಿಗ ಇದಕ್ಕಿಂತ ಆಡಂಬರದ್ದು. ಕನ್ನಡದಲ್ಲೂ ಕೃತಿ ರಚಿಸಿದ ಈ ದೊರೆಯ ಅರಮನೆಯ ಸೂರಿನಡಿ 122 ಮರದ ಕುದುರೆಗಳು. ನೋಡಿದವರು ಬೆರಗಾಗುವುದು ಇಲ್ಲೇ. ನನ್ನ ಮನಸ್ಸು ಒಪ್ಪುವುದು ಪದ್ಮನಾಭಪುರದ ಸಂಯಮವನ್ನು.

ಮುಂದೆ ಕೆತ್ತನೆ ಕಟ್ಟಡವನ್ನು ಬಿಟ್ಟು ಹೊರಟಿತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ತಿರುವಾಂಕೂರಿನ ದಂತ ಸಿಂಹಾಸನ ಹೆಸರು ಮಾಡಿತು. 1888ರಲ್ಲಿ ತಿರುವನಂತಪುರದಲ್ಲಿ ಕಲಾಶಾಲೆ ತೆರೆಯಿತು; ಮನೆತನದ ವಿದ್ಯೆಗೆ ತರಗತಿಯೂ ಬಂತು. 1986ರ ವನ್ಯಜೀವಿ ಕಾಯ್ದೆ ತಿದ್ದುಪಡಿ ಭಾರತದ ದಂತದ ವ್ಯಾಪಾರಕ್ಕೆ, 1991ರದು ಆಫ್ರಿಕಾದ ದಂತಕ್ಕೆ ತಡೆ ಹಾಕಿದಾಗ ದಂತದ ಕೆಲಸದವರು ಬೀಟೆ, ಗಂಧದತ್ತ ತಿರುಗಿದರು. ಇಂದಿನ ಬೀಟೆ ಆನೆಯ ಸೂಕ್ಷ್ಮತೆಯಲ್ಲಿ ದಂತದ ಕೈಚಳಕವೂ ಸೇರಿದೆ. ನಮ್ಮ ಸಾಗರ, ಸೊರಬದ ಗುಡಿಗಾರರ ಗಂಧದ ಪೆಟ್ಟಿಗೆಗಳ ಕಥೆ ಬೇರೆ. ಕೈಯಲ್ಲಿ ಹಿಡಿಯುವಷ್ಟು ಪುಟ್ಟ ವಸ್ತು ಅವರಿಗೆ ಹೊಸದೇನಲ್ಲ.

ಕೊಚ್ಚಿಯಲ್ಲಿ ಆದದ್ದು ಇನ್ನೊಂದು ಬಗೆ. ಮಟ್ಟಾಂಚೇರಿ ಅರಮನೆಯನ್ನು 1555ರ ಸುಮಾರಿಗೆ ಪೋರ್ಚುಗೀಸರು ಕಟ್ಟಿಸಿ ರಾಜನಿಗೆ ಕೊಟ್ಟರು, ಆಮೇಲೆ ಡಚ್ಚರು ದುರಸ್ತಿ ಮಾಡಿದರು. ಒಳಗಿನ ಕೆಲಸ ಮಾತ್ರ ಪಕ್ಕಾ ಕೇರಳದ್ದು: ಭೋಜನಶಾಲೆಯ ಕೆತ್ತಿದ ಛಾವಣಿಗೆ ಸಾಲುಸಾಲು ಹಿತ್ತಾಳೆ ಬಟ್ಟಲು. ಅದೇ ಅರಮನೆಯ ಆಚೆ ಬೀದಿಯ ಹಳೆವಸ್ತುಗಳ ಅಂಗಡಿಗಳಲ್ಲಿ ತರವಾಡು ಎಂಬ ಅವಿಭಕ್ತ ಕುಟುಂಬದ ಮನೆಗಳ ಬಾಗಿಲು, ಕಂಬಗಳು ಮಾರಾಟಕ್ಕಿವೆ. ಭೂಸುಧಾರಣೆ ಬಂತು, 1975ರ ಕಾಯ್ದೆ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಮಾಡಿತು. ಪಾಲಾದ ಮನೆಯ ಸೂರು ರಿಪೇರಿ ಮಾಡಿಸುವವರಾರು? ದುರಸ್ತಿಗೆ ಒದಗುತ್ತಿದ್ದ ಮೊಳೆಯಿಲ್ಲದ ಜೋಡಣೆ ಬಿಚ್ಚಿ ಮಾರುವುದಕ್ಕೂ ಅನುಕೂಲವಾಯಿತು. ಕೊಚ್ಚಿಯ ತೇವರದ ಜಾನಪದ ವಸ್ತುಸಂಗ್ರಹಾಲಯ ಇಂಥ ಬಿಚ್ಚಿದ ಮರಗಳಿಂದಲೇ ಎದ್ದು ನಿಂತಿದೆ. ಅದು ಉಳಿಸಿದ್ದು ಮರವನ್ನು. ಕೆಲಸವನ್ನು ಉಳಿಸಲು ಹೊಸ ಗಿರಾಕಿ ಬೇಕು.

ಆ ಗಿರಾಕಿ ಪೂರ್ತಿ ಇಲ್ಲವಾಗಿಲ್ಲ. ದೇವಸ್ಥಾನಗಳ ಜೀರ್ಣೋದ್ಧಾರ ಆಶಾರಿಗೆ ಕೆಲಸ ಕೊಡುತ್ತಿದೆ, ರೆಸಾರ್ಟುಗಳೂ ಮುಖಪ್ಪು ಕೇಳುತ್ತವೆ. ಕಥಕಳಿಯ ಕಿರೀಟಕ್ಕೆ ಇಂದಿಗೂ ಹಗುರ ಶಿವನೆ ಮರವೇ ಬೇಕು, ರಾತ್ರಿಯಿಡೀ ಅದನ್ನು ಹೊತ್ತು ಕುಣಿಯುವವನಿಗೆ ಬೀಟೆ ಆಗದು.