ಡಿಲೀಟ್ ಆದ ಫೈಲ್ ವಾಪಸ್ ಬರುತ್ತಾ? ಗಾಬರಿಯಲ್ಲಿ ಮಾಡಬಾರದ ಕೆಲಸಗಳೇ ಜಾಸ್ತಿ

ಮಾರ್ಚ್ ಕೊನೆ ಬಂತೆಂದರೆ ಅಂಗಡಿ, ಮಂಡಿ, ಗೊಬ್ಬರದ ಡಿಪೊಗಳ ಕಂಪ್ಯೂಟರ್‌ಗಳಿಗೆ ಬಿಡುವಿಲ್ಲ. ಜಾಗ ಸಾಲದೆ ಹಳೇ ಫೋಲ್ಡರ್ ತೆಗೆಯಲು ಹೋಗಿ ವರ್ಷದ ಲೆಕ್ಕವನ್ನೇ ಅಳಿಸಿಕೊಂಡು ತಲೆ ಮೇಲೆ ಕೈಹೊತ್ತು ಕೂರುವವರು ಆಗಲೇ ಹೆಚ್ಚು. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ, ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಂಡಿರಬೇಕು. ನೋಟಿಸ್ ಬಂದಾಗ ‘ಕಂಪ್ಯೂಟರ್ ಕೈಕೊಡ್ತು ಸಾರ್’ ಅಂದರೆ ಯಾರೂ ಕೇಳಲ್ಲ.

ಸಮಾಧಾನದ ವಿಷಯವೆಂದರೆ, ಹಾರ್ಡ್ ಡಿಸ್ಕ್‌ನಲ್ಲಿ ಡಿಲೀಟ್ ಒತ್ತಿದ ಕೂಡಲೇ ಫೈಲ್ ಒಳಗಿನದ್ದು ಅಳಿದು ಹೋಗುವುದಿಲ್ಲ. ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯಲ್ಲಿ ‘ಈ ಜಾಗ ಖಾಲಿ’ ಎಂದು ಗುರುತಾಗುತ್ತದೆ, ಅಷ್ಟೇ. ಸಂತೆಯಲ್ಲಿ ವ್ಯಾಪಾರಿ ಎದ್ದು ಹೋದರೂ ಗಂಟು ಅಲ್ಲೇ ಬಿದ್ದಿರುವ ಹಾಗೆ. ಇನ್ನೊಬ್ಬ ಬಂದು ಅದೇ ಜಾಗದಲ್ಲಿ ತನ್ನ ಮಾಲು ಹರಡುವವರೆಗೂ ಗಂಟು ಸಿಗುತ್ತದೆ.

ಹಾಗಾಗಿ ಮೊದಲ ಕೆಲಸ, ಆ ಡ್ರೈವ್‌ನಲ್ಲಿ ಎಲ್ಲಾ ಕೆಲಸ ನಿಲ್ಲಿಸುವುದು. ಬಿಲ್ ಹಾಕಬಾರದು, ಯೂಟ್ಯೂಬ್ ನೋಡಬಾರದು, ಅಪ್‌ಡೇಟ್ ಆಗಲು ಬಿಡಬಾರದು. ಬಹಳ ಜನ ಎಡವುವುದು ಇನ್ನೊಂದು ಕಡೆ. ಗಾಬರಿಯಲ್ಲಿ ರಿಕವರಿ ಸಾಫ್ಟ್‌ವೇರ್ ಹುಡುಕಿ ಅದೇ ಸಿ ಡ್ರೈವ್‌ಗೆ ಡೌನ್‌ಲೋಡ್ ಮಾಡುತ್ತಾರೆ. ಹುಡುಕಲು ಬಂದವನೇ ಗಂಟಿನ ಮೇಲೆ ಕೂತಂತೆ. ಹಾರ್ಡ್ ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರ್‌ಗೆ ಹಾಕಿ ಹುಡುಕುವುದು ಒಳ್ಳೆಯದು. ಅದು ಆಗದಿದ್ದರೆ ಸಾಫ್ಟ್‌ವೇರನ್ನು ಬೇರೆ ಕಂಪ್ಯೂಟರ್‌ನಲ್ಲಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದು ಅಲ್ಲಿಂದಲೇ ಓಡಿಸಬೇಕು. ಸಿಕ್ಕ ಫೈಲ್‌ಗಳನ್ನೂ ಅದೇ ಡ್ರೈವ್‌ಗೆ ಸೇವ್ ಮಾಡಬಾರದು.

ಎಸ್‌ಎಸ್‌ಡಿ ಇರುವ ಹೊಸ ಲ್ಯಾಪ್‌ಟಾಪ್‌ಗಳ ಕಥೆ ಬೇರೆ. ಅಳಿಸಿದ ಜಾಗವನ್ನು ಒಳಗಿಂದೊಳಗೇ ಗುಡಿಸಿಬಿಡುವ ‘ಟ್ರಿಮ್’ ಎಂಬ ವ್ಯವಸ್ಥೆ ಅವುಗಳಲ್ಲಿದೆ. ಅಲ್ಲಿ ಪೂರ್ತಿ ಡಿಲೀಟ್ ಆದ ಫೈಲ್ ಸಿಗುವುದು ಅದೃಷ್ಟ. ಯಾವುದಿದೆ ಎಂದು ಗೊತ್ತಿಲ್ಲದವರು ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟ ತೆಗೆದರೆ ಡಿಸ್ಕ್ ಹೆಸರಿನ ಕೆಳಗೇ ಕಾಣುತ್ತದೆ.

ಸಾಫ್ಟ್‌ವೇರ್‌ಗೆ ಕೈಹಾಕುವ ಮುಂಚೆ ಸುಲಭದ ಜಾಗಗಳನ್ನು ನೋಡಬೇಕು. ಡಿಲೀಟ್ ಆದ ತಕ್ಷಣವೇ ಗೊತ್ತಾದರೆ ಕಂಟ್ರೋಲ್ ಝಡ್ ಸಾಕು. ಇಲ್ಲವೇ ರೀಸೈಕಲ್ ಬಿನ್‌ನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ರಿಸ್ಟೋರ್ ಕೊಟ್ಟರೆ ಮೊದಲಿದ್ದ ಜಾಗಕ್ಕೇ ಹೋಗುತ್ತದೆ. ಶಿಫ್ಟ್ ಹಿಡಿದು ಡಿಲೀಟ್ ಒತ್ತಿದ್ದು, ಪೆನ್‌ಡ್ರೈವ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ಅಲ್ಲಿಗೆ ಬರುವುದಿಲ್ಲ. ಗೂಗಲ್ ಡ್ರೈವ್‌ನಲ್ಲಿ ಅಳಿಸಿದ್ದು 30 ದಿನ ಅದರ ಟ್ರ್ಯಾಶ್‌ನಲ್ಲಿರುತ್ತದೆ. ಸ್ವಂತ ಖಾತೆಯ ಒನ್‌ಡ್ರೈವ್‌ನಲ್ಲೂ 30 ದಿನವೇ. ಹೊಸ ಕಂಪ್ಯೂಟರ್‌ಗಳಲ್ಲಿ ಡೆಸ್ಕ್‌ಟಾಪ್ ಫೋಲ್ಡರ್ ಮಾಲೀಕರಿಗೇ ಗೊತ್ತಿಲ್ಲದಂತೆ ಒನ್‌ಡ್ರೈವ್‌ಗೆ ಸೇರಿರುವುದುಂಟು, ಆ ಖಾತೆಗೆ ಲಾಗಿನ್ ಆಗಿ ನೋಡಿದರೆ ನಷ್ಟವಿಲ್ಲ. ಆಡಿಟರ್‌ಗೆ ಕಳಿಸಿದ ಇಮೇಲ್, ವಾಟ್ಸ್‌ಆ್ಯಪ್‌ನಲ್ಲಿ ಗಿರಾಕಿಗೆ ಹಾಕಿದ ಬಿಲ್, ಇವೂ ಕಾಪಿಗಳೇ. ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯವರು ಕೋರಲ್‌ಡ್ರಾ ಬಳಸುತ್ತಿದ್ದರೆ ಅದೇ ಫೋಲ್ಡರ್‌ನಲ್ಲಿ ‘ಬ್ಯಾಕಪ್ ಆಫ್’ ಎಂದು ಶುರುವಾಗುವ ಫೈಲ್ ಇದೆಯಾ ಹುಡುಕಬೇಕು.

ಇನ್ನೊಂದು ಮಾಮೂಲಿ ದೂರು, ಝೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್ ಖಾಲಿ ಎನ್ನುವುದು. ಅಲ್ಲಿ ಫೈಲ್ ಅಳಿಸಿರುವುದಿಲ್ಲ, ವೈರಸ್ ಅದನ್ನು ಅಡಗಿಸಿ ಶಾರ್ಟ್‌ಕಟ್ ಮಾತ್ರ ತೋರಿಸುತ್ತಿರುತ್ತದೆ. ಆ ಶಾರ್ಟ್‌ಕಟ್ ಒತ್ತದೆ, ಆ್ಯಂಟಿವೈರಸ್ ಓಡಿಸಿ, ಅಡಗಿದ ಫೈಲ್‌ಗಳನ್ನು ತೋರಿಸುವ ಸೆಟ್ಟಿಂಗ್ ಹಾಕಿದರೆ ಎಲ್ಲಾ ಕಾಣುತ್ತದೆ.

ಇದ್ಯಾವುದೂ ಆಗದಿದ್ದರೆ ರಿಕವರಿ ಸಾಫ್ಟ್‌ವೇರ್. ಮೈಕ್ರೋಸಾಫ್ಟ್‌ನದೇ ‘ವಿಂಡೋಸ್ ಫೈಲ್ ರಿಕವರಿ’ ಉಚಿತ, ಆದರೆ ಕಮಾಂಡ್ ಟೈಪ್ ಮಾಡಬೇಕು. ಅಭ್ಯಾಸವಿಲ್ಲದವರಿಗೆ ‘ರೆಕುವಾ’ ಸುಲಭ. ಕ್ಯಾಮೆರಾ ಕಾರ್ಡ್‌ನಲ್ಲಿ ಮದುವೆ ಫೋಟೊ ಕಳಕೊಂಡ ಸ್ಟುಡಿಯೊದವರಿಗೆ ‘ಫೋಟೊರೆಕ್’ ಒಳ್ಳೆಯದು. ಅದೂ ಉಚಿತ, ಆದರೆ ಹಳೇ ಹೆಸರು ಉಳಿಯಲ್ಲ, ನಂಬರ್ ಹಾಕಿದ ನೂರಾರು ಫೈಲ್‌ಗಳನ್ನು ಕೂತು ಬೇರೆ ಮಾಡಬೇಕು. ದೊಡ್ಡ ಡಿಸ್ಕ್ ಪೂರ್ತಿ ಹುಡುಕಲು ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋಗದ ಹಾಗೆ ಯುಪಿಎಸ್ ಬೇಕು.

ಟ್ಯಾಲಿ ಬಳಸುವವರು ಇಲ್ಲೊಂದು ಎಚ್ಚರ ವಹಿಸಬೇಕು. ಒಂದು ಕಂಪನಿಯ ಲೆಕ್ಕ ಒಂದೇ ಫೈಲ್ ಅಲ್ಲ, ನಂಬರ್ ಹೆಸರಿನ ಫೋಲ್ಡರ್‌ನಲ್ಲಿರುವ ಹಲವು ಫೈಲ್‌ಗಳ ಗುಂಪು. ಅದರಲ್ಲಿ ಕೆಲವು ಕೆಟ್ಟಿದ್ದರೂ ಕಂಪನಿ ತೆರೆಯದೆ ಹೋಗಬಹುದು. ಆದ್ದರಿಂದ ರಿಕವರಿಗಿಂತ ಮೊದಲು ‘ಟಿಬಿಕೆ’ ಅಕ್ಷರಗಳಿಂದ ಶುರುವಾಗುವ ಬ್ಯಾಕಪ್ ಫೈಲ್ ಎಲ್ಲಾದರೂ ಇದೆಯಾ ನೋಡುವುದು ವಾಸಿ. ಹಳೇ ಪೆನ್‌ಡ್ರೈವ್, ಆಡಿಟರ್ ಆಫೀಸಿನ ಕಂಪ್ಯೂಟರ್, ಯಾವುದನ್ನೂ ಬಿಡಬಾರದು. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ವೈ ಒತ್ತಿದರೆ ಬ್ಯಾಕಪ್, ರಿಸ್ಟೋರ್ ಎರಡೂ ಸಿಗುತ್ತವೆ.

ಏನೂ ಸಿಗದಿದ್ದರೆ ಜಿಎಸ್‌ಟಿ ಪೋರ್ಟಲ್ ಇದೆ. ಸಲ್ಲಿಸಿದ ಜಿಎಸ್‌ಟಿಆರ್-1, 3ಬಿ ಇಳಿಸಿಕೊಳ್ಳಬಹುದು. ಮಾಲು ಕೊಟ್ಟವರು ಹಾಕಿದ ಬಿಲ್‌ಗಳು 2ಬಿಯಲ್ಲಿ ಸಿಗುತ್ತವೆ. ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಇಟ್ಟು ಆಡಿಟರ್ ಲೆಕ್ಕ ಮತ್ತೆ ಕಟ್ಟಬಲ್ಲರು. ಜಿಎಸ್‌ಟಿ ನಂಬರ್ ಇಲ್ಲದ ಗಿರಾಕಿಗಳ ಸಣ್ಣ ಬಿಲ್‌ಗಳು ಮಾತ್ರ ಅಲ್ಲಿ ಒಟ್ಟು ಮೊತ್ತವಾಗಿಯಷ್ಟೇ ಇರುತ್ತವೆ. ಉದ್ರಿ ಬಾಕಿ ಯಾರದ್ದು ಎಷ್ಟು ಎಂಬುದಂತೂ ಯಾವ ಪೋರ್ಟಲ್‌ನಲ್ಲೂ ಇಲ್ಲ. ನಿಜವಾದ ನಷ್ಟ ಅಲ್ಲೇ.

ಡಿಸ್ಕ್ ಟಕ್ ಟಕ್ ಸದ್ದು ಮಾಡುತ್ತಿದ್ದರೆ ಯಾವ ಸಾಫ್ಟ್‌ವೇರೂ ಬೇಡ, ತಕ್ಷಣ ಆಫ್ ಮಾಡಬೇಕು. ಅದು ಒಳಗಿನ ಯಂತ್ರದ ದೋಷ. ಧೂಳಿಲ್ಲದ ಕೋಣೆ ಇರುವ ದೊಡ್ಡ ಊರಿನ ರಿಕವರಿ ಲ್ಯಾಬ್‌ನವರೇ ಅದನ್ನು ಬಿಚ್ಚಬೇಕು, ಖರ್ಚೂ ಜಾಸ್ತಿ. ರಿಪೇರಿಗೆ ಕೊಡುವಾಗ ‘ಫಾರ್ಮ್ಯಾಟ್ ಹೊಡೆದು ಕೊಡ್ತೀನಿ’ ಎನ್ನುವವರ ಕೈಗೆ ಡಿಸ್ಕ್ ಕೊಡದಿರುವುದೇ ಲೇಸು. ಯಾವ್ಯಾವ ಫೈಲ್ ಸಿಗುತ್ತದೆ ಎಂದು ಮೊದಲು ಪಟ್ಟಿ ತೋರಿಸಿ, ಕೆಲವನ್ನು ಕಣ್ಣೆದುರೇ ತೆರೆದು, ಆಮೇಲೆ ದುಡ್ಡು ಕೇಳುವವರನ್ನು ನಂಬಬಹುದು. ಡಿಸ್ಕ್‌ನಲ್ಲಿ ಗಿರಾಕಿಗಳ ಆಧಾರ್, ಪಹಣಿ ಸ್ಕ್ಯಾನ್‌ಗಳಿದ್ದರೆ, ಕೆಲಸ ಮುಗಿದ ಮೇಲೆ ಅಂಗಡಿಯವರು ತಮ್ಮ ಕಂಪ್ಯೂಟರ್‌ನಲ್ಲಿ ಮಾಡಿಕೊಂಡ ಕಾಪಿಯನ್ನು ಎದುರಿಗೇ ಅಳಿಸಿಸಿಕೊಂಡು ಬರಬೇಕು. ಅಲ್ಲಿ ಶಿಫ್ಟ್ ಡಿಲೀಟ್ ಮಾಡಿಸಿದರೂ ಸಾಲದು. ಅದೂ ಹೀಗೇ ವಾಪಸ್ ಬರುತ್ತದಲ್ಲ, ಪೂರ್ತಿ ಒರೆಸಿ ಹಾಕುವ ಸಾಫ್ಟ್‌ವೇರ್ ಓಡಿಸಲು ಹೇಳಬೇಕು.