ಮಾರಿದ ಹಸು, ಉಳಿದ ಹಸು

ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆಯಲ್ಲಿ ನನ್ನ ಬಾಲ್ಯ ಕಳೆಯಿತು. 1994ರ ಬೇಸಗೆಯಲ್ಲಿ ನಮ್ಮ ಅಜ್ಜಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಬೆಂಗಳೂರಿಗೆ ಕರೆದೊಯ್ಯುವ ಮುನ್ನ ನಮ್ಮ ತಂದೆ ಹಾಲು ಕರೆಯುತ್ತಿದ್ದ ಎರಡು ಸೀಮೆಹಸುಗಳನ್ನು ಮಾರಿದರು. ಅಜ್ಜಿ ಗುಣವಾಗಿ ಬಂದಳು. ಬರಿದಾದ ಕೊಟ್ಟಿಗೆಯನ್ನು ನೋಡಿ, “ನಾನಿನ್ನೆಷ್ಟು ದಿನ ಇರೋಳು ಅಂತ ಇವನ್ನ ಮಾರ್ಬಿಟ್ಯೋ, ಮಗಾ?” ಎಂದು ಅತ್ತಳು. ವಿಮೆಯಿಲ್ಲದವರ ಚಿಕಿತ್ಸೆಗೆ ಹಣ ತೆರುವವರು ಯಾರೆಂಬ ಪ್ರಶ್ನೆಗೆ ನಾನು ಕಂಡ ಮೊದಲ ಉತ್ತರ ಆ ಕೊಟ್ಟಿಗೆ.

ಪ್ರಶ್ನೆಯಾದರೋ ಬಹಳ ಹಳೆಯದು. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನ, ಅಲ್ಲಿನ ವಿದ್ಯೆಯನ್ನು ಹೊಗಳುವುದರ ಜೊತೆಗೆ ಅನಾಥ ರೋಗಿಗಳಿಗೆ ಅಲ್ಲಿ ದೊರೆಯುತ್ತಿದ್ದ ಚಿಕಿತ್ಸೆಯನ್ನೂ ಹೇಳುತ್ತದೆ. ಮಠಕ್ಕೆ ಆಧಾರ ಅರಸರು ಬಿಟ್ಟ ದತ್ತಿ. ದತ್ತಿಗೆ ಆಧಾರ ಒಕ್ಕಲಿನವರ ದುಡಿಮೆ. ಕೀರ್ತಿ ಅರಸನದು, ಕಾಳು ರೈತನದು.

ಮೈಸೂರು ಸಂಸ್ಥಾನದ ಕಾಲದಲ್ಲಿ, 1900ರಲ್ಲಿ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಬಡವರಿಗೆ ಅದು ದೊಡ್ಡ ಆಸರೆಯೇ ಸರಿ. ಆದರೂ ಹಳ್ಳಿಯಿಂದ ಹೋಗುವವರಿಗೆ ದಾರಿಯ ಖರ್ಚು, ಜೊತೆಗೆ ಹೋದವರ ಊಟ, ತಪ್ಪಿದ ಕೂಲಿ ಇದ್ದೇ ಇದ್ದವು. ಹಣ ಕೊಡಲಾರದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು 1946ರಲ್ಲಿ ಭೋರ್ ಸಮಿತಿ ಹೇಳಿತು. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ ಕಾರ್ಖಾನೆಯ ಕೆಲಸಗಾರರಿಗೆ ನೆರವಾಯಿತು. ಸಂಬಳದ ಚೀಟಿಯಿಲ್ಲದ ರೈತ ಹೊರಗೇ ಉಳಿದ.

ಆ ರೈತನಿಗೆ ಬಾಗಿಲು ತೆರೆದದ್ದು ಸಹಕಾರ ಸಂಘ. ಡಾ. ದೇವಿ ಶೆಟ್ಟಿಯವರ ಆಲೋಚನೆಯಿಂದ ಮೂಡಿದ ಯಶಸ್ವಿನಿ ಯೋಜನೆಯಲ್ಲಿ 2003ರ ಜೂನ್ 1ರಿಂದ ಚಿಕಿತ್ಸೆ ಆರಂಭವಾಯಿತು. ತಲೆಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಸರ್ಕಾರ ತನ್ನ ಪಾಲಿನ 30 ರೂಪಾಯಿ ಸೇರಿಸಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಹಾಲಿನ ಸಂಘದ ಮೂಲಕ ನಮ್ಮ ಮನೆಯವರೂ ಸೇರಿದರು. ನಮ್ಮ ಕಡೆ ನಾಟಿಗೆ, ಕೊಯ್ಲಿಗೆ ಮುಯ್ಯಾಳು ಹೋಗುವ ವಾಡಿಕೆಯುಂಟು: ಇಂದು ನಿನ್ನ ಹೊಲ, ನಾಳೆ ನನ್ನದು. ಯಶಸ್ವಿನಿಯೂ ಒಂದು ಮುಯ್ಯಿಯೇ. ಪರಸ್ಪರ ಮುಖ ಕಾಣದವರ ನಡುವಿನ ಮುಯ್ಯಿ.

2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ಲೀನವಾಯಿತು. ಸಹಕಾರಿಗಳ ಬೇಡಿಕೆಯ ಮೇಲೆ 2023ರ ಜನವರಿಯಲ್ಲಿ ಮತ್ತೆ ಬಂತು. ಆಗ ನಾಲ್ವರ ಗ್ರಾಮೀಣ ಕುಟುಂಬಕ್ಕೆ ವಂತಿಗೆ 500 ರೂಪಾಯಿ. ಆಯುಷ್ಮಾನ್ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಯುಂಟು. ಇವೆಲ್ಲ ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವರಿಗೆ. ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಅಂಗಡಿಯಲ್ಲಿ ಕೊಳ್ಳುವ ನಿತ್ಯದ ಮಾತ್ರೆಗಳ ಹೊರೆ ಇನ್ನೂ ಮನೆಯ ಮೇಲೆಯೇ.

ಇಂಥ ಯೋಜನೆಗಳನ್ನು ಅಳೆಯಲು ನನ್ನಲ್ಲಿರುವ ಅಳತೆಗೋಲು ಒಂದೇ. ರೋಗಿ ಊರಿಗೆ ಮರಳಿದಾಗ ಕೊಟ್ಟಿಗೆಯಲ್ಲಿ ಹಸು ಉಳಿದಿದೆಯೇ?